ಎಲ್ಲಾ ಫಿಟ್

ಜೈಲಿನಿಂದ
12 ಜನವರಿ 2025

ಪ್ರೀತಿಯ ಶಾಯಿಸ್ತಾ,

ಸಲಾಂ. ಒಡಹುಟ್ಟಿದವಳಿಗೆ ಕನ್ನಡದಲ್ಲಿ ಪತ್ರ ಬರೆಯುವ ಕಾಲ ನನಗೂ ಬಂತು. ಇಲ್ಲಿ ಒಳಗೆ ಬರುವ, ಹೊರಗೆ ಹೋಗುವ ಪತ್ರಗಳನ್ನೆಲ್ಲ ಓದಿಯೇ ಬಿಡುತ್ತಾರೆ. ಉರ್ದು ಓದಬಲ್ಲವರು ಯಾರೂ ಇಲ್ಲವಂತೆ. ಚಳ್ಳಕೆರೆಯ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಬೆಂಚು ಸವೆಸಿದ್ದು ಕೊನೆಗೂ ಉಪಯೋಗಕ್ಕೆ ಬಂತು ನೋಡು. ಫೋನಿಗೆ ಒಂದೇ ನಂಬರು ಬರೆಸಬಹುದು. ಅದನ್ನು ನಿನ್ನ ಭಾಬಿ ಇರ್ಫಾನಾಗೆ ಕೊಟ್ಟಿದ್ದೇನೆ. ಕೊಡದಿದ್ದರೆ ನನ್ನ ಹೆಂಡತಿ ಗೋಡೆ ಹಾರಿ ಬಂದು ಜಗಳ ತೆಗೆಯುತ್ತಾಳೆ, ನಿನಗೆ ಗೊತ್ತಲ್ಲ.

ನೀನು ಮೊಳಕಾಲ್ಮೂರು ಬಿಟ್ಟು ಅಬ್ಬಾನ ಮನೆಗೆ ಬಂದಿದ್ದೀಯ ಎಂದು ಅವಳೇ ಹೇಳಿದಳು. ಪಕ್ಕೆಲುಬು ಕೂಡಿಕೊಳ್ಳುವವರೆಗೂ ಅಲ್ಲೇ ಇರು. ಕೂಡಿಕೊಂಡ ಮೇಲೂ ಅಲ್ಲೇ ಇರು.

ನಾನು ಮಾಡಿದ್ದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಆವತ್ತು ನಿನ್ನ ಪಕ್ಕದ ಮನೆಯ ಸೂರಮ್ಮ ಫೋನ್ ಮಾಡಿದಾಗ ನಾನು ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದೆ. "ನಿನ್ ತಂಗೀನ ಕ್ಲಿನಿಕ್ಕಿಗೆ ಹೊತ್ಕೊಂಡು ಹೋದ್ರಪ್ಪ, ಮುಖ ನೋಡಕ್ಕಾಗಲ್ಲ, ಬೇಗ ಬಾ" ಅಂದರು. ಕೈಯಲ್ಲಿದ್ದ ವೀಲ್ ಸ್ಪ್ಯಾನರು ಹಾಗೇ ನನ್ನ ಜೊತೆ ಗಾಡಿ ಹತ್ತಿತು. ಕ್ಲಿನಿಕ್ಕಿನಲ್ಲಿ ನಿನ್ನನ್ನು ಗುರುತು ಹಿಡಿದದ್ದು ಕಾಲ್ಗೆಜ್ಜೆಯಿಂದ. ಡಾಕ್ಟರು ಚೀಟಿ ಕೊಟ್ಟರು. ಫಿಟ್ಸ್ ಬಂದು ಬಿದ್ದಿದ್ದಾರೆ ಎಂದು ಬರೆದಿತ್ತು. "ಫಿಟ್ಸ್ ಬಂದೋರ ಬೆನ್ನಿನ ಮ್ಯಾಲೆ ಪೈಪಿನ ಬರೆ ಸಾಲಾಗಿ ಹೆಂಗ್ ಬೀಳ್ತಾವ್ರಿ?" ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಕೂತರು.

ನಿನ್ನ ಗಂಡ ಜಾಕಿರ್ ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಗೆ ಪೇಂಟಿನ ಬಣ್ಣ ತೋರಿಸುತ್ತಿದ್ದ. ಮೊದಲನೇ ಏಟಿಗೆ ಅವನ ಮುಂಗೈ ಮೂಳೆ ಲಟಕ್ಕೆಂದಿತು. ಎರಡನೆಯದು ಹೆಗಲಿಗೆ. ಬಿದ್ದವನ ತಲೆಗೆ ಮೂರನೆಯದನ್ನು ಎತ್ತಿದ್ದೆ, ಅಷ್ಟರಲ್ಲಿ ಅಕ್ಕಪಕ್ಕದವರು ಹಿಡಿದುಕೊಂಡರು. ಅವರ ಮೇಲೆ ಈಗಲೂ ಸಿಟ್ಟಿದೆ.

ಕೊಲೆ ಯತ್ನದ ಕೇಸು ಹಾಕಿದ್ದಾರೆ. ಇಲ್ಲಿ ಸೆಲ್ಲಿನಲ್ಲಿರುವ ಪ್ರತಿಯೊಬ್ಬನೂ "ನನ್ ಮ್ಯಾಲೆ ಕೇಸ್ ಫಿಟ್ ಮಾಡ್ಯಾರೆ ಕಣಪ್ಪ" ಎನ್ನುತ್ತಾನೆ. ನಾನು ಮಾತ್ರ "ನಂದು ಒರಿಜಿನಲ್" ಎಂದೆ. ಎಲ್ಲರೂ ನಕ್ಕರು.

ವಕೀಲ ಚಂದ್ರಶೇಖರ್ ಹೇಳಿದ್ದಾರೆ, ನಿನ್ನ ಹೇಳಿಕೆ ಮುಖ್ಯ. ಅವನು ನಿನ್ನನ್ನು ಹೊಡೆದ ಎಂದು ನೀನು ಬಾಯಿ ಬಿಟ್ಟು ಹೇಳಿದರೆ ನಾನು ಯಾಕೆ ಹೊಡೆದೆ ಎಂದು ಕೋರ್ಟಿಗೆ ಗೊತ್ತಾಗುತ್ತದೆ. ಇಲ್ಲದಿದ್ದರೆ ನಾನೊಬ್ಬ ರೌಡಿ, ಅಷ್ಟೇ. ನಿಜ ಹೇಳು ಶಾಯಿಸ್ತಾ. ನಾನಿಲ್ಲಿ ಚೆನ್ನಾಗಿದ್ದೇನೆ. ಊಟ ಒಂದು ಸಪ್ಪೆ.

ನಿನ್ನ ಭಾಯಿ,
ತನ್ವೀರ್


ಚಳ್ಳಕೆರೆ
26 ಜನವರಿ 2025

ಭಾಯಿ,

ಸಲಾಂ. ನಿನ್ನ ಪತ್ರವನ್ನು ಅಬ್ಬಾಗೆ ಓದಿ ಹೇಳಿದೆ. ಸ್ಪ್ಯಾನರಿನ ಭಾಗ ಬಿಟ್ಟು ಓದಿದೆ. ಗ್ಯಾರೇಜಿಗೆ ಬೀಗ ಹಾಕಿದೆ. ಅಬ್ಬಾನ ಹೆಸರು ಹಿಡಿದು, ಬುಡೇನ್ ಸಾಬರ ಗ್ಯಾರೇಜಿಗೆ ಬೀಗವಂತೆ ಎಂದು ತಳಕಿನ ಕಡೆಯ ರೈತರು ಮನೆಗೇ ಬಂದು ವಿಚಾರಿಸಿದರು. ಅಬ್ಬಾ ಅಭ್ಯಾಸಬಲದಿಂದ ಅವರಿಗೂ "ಎಲ್ಲಾ ಫಿಟ್ ಐತ್ರಿ" ಅಂದರು. ಆಮೇಲೆ ಒಳಗೆ ಬಂದು ಗೋಡೆಗೆ ಮುಖ ಮಾಡಿ ಕೂತರು.

ನೆನಪಿದೆಯಾ, ಅವರಿಗೆ ಎಲ್ಲದಕ್ಕೂ ಅದೊಂದೇ ಮಾತು. ಗಾಡಿ ರಿಪೇರಿಯಾದರೆ ಫಿಟ್. ಹಬ್ಬದ ಬಟ್ಟೆ ಹಾಕಿಕೊಂಡು ನಿಂತರೆ ಫಿಟ್. ಜ್ವರ ಬಿಟ್ಟರೆ ಫಿಟ್. ಮೊಳಕಾಲ್ಮೂರಿನವರು ನನ್ನನ್ನು ನೋಡಲು ಬಂದ ದಿನ, ಅವರು ಇನ್ನೂ ಮೆಟ್ಟಿಲು ಇಳಿಯುವ ಮೊದಲೇ "ಜೋಡಿ ಫಿಟ್ ಐತೆ" ಎಂದು ಅಡುಗೆಮನೆಗೆ ಕೇಳುವ ಹಾಗೆ ಕೂಗಿದ್ದರು. ನಾನು ನಾಚಿಕೊಂಡಿದ್ದೆ. ಆ ಮಾತು ಈಗ ಕೇಳಿದರೆ ಎದ್ದು ಒಳಗೆ ಹೋಗಿಬಿಡುತ್ತೇನೆ.

ನನ್ನ ಅತ್ತೆ ಹಲೀಮಾ ಬೀಯನ್ನು ನೀನು ನೋಡಿದ್ದೀಯ. ಅವರಿಗೆ ಮುಂದಿನ ಹಲ್ಲುಗಳಿಲ್ಲ. ನಾನು ಹೊಸದರಲ್ಲಿ ಕೇಳಿದಾಗ "ನಂಗೂ ಫಿಟ್ಸ್ ಬರ್ತಿತ್ತಮ್ಮ, ಮದ್ವೆ ಆದ್ಮೇಲೆ ಶುರುವಾತು. ಅವ್ರು ತೀರ್ಕೊಂಡ್ ಮ್ಯಾಲೆ ನಿಂತೋತು" ಅಂದಿದ್ದರು. ಆಗ ನನಗೆ ತಿಳಿಯಲಿಲ್ಲ. ಪಾಪ ಎಂದುಕೊಂಡಿದ್ದೆ.

ಪೊಲೀಸರು ಹೇಳಿಕೆಗೆ ಬಂದಿದ್ದರು. ಮಾತ್ರೆಯ ಮಂಪರಿನಲ್ಲಿದ್ದೆ, ಇನ್ನೊಂದು ದಿನ ಬನ್ನಿ ಅಂದೆ. ನೀನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಮೊದಲು ನೀನು ಹೊರಗೆ ಬರಬೇಕು.

ನಿನ್ನ
ಶಾಯಿಸ್ತಾ


ಜೈಲಿನಿಂದ
14 ಫೆಬ್ರವರಿ 2025

ಶಾಯಿಸ್ತಾ,

ಜಾಮೀನು ವಜಾ ಆಯಿತು. ಜಾಕಿರ್ ಕೋರ್ಟಿಗೆ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದನಂತೆ. ನನ್ನನ್ನು ಬಿಟ್ಟರೆ ಅವನ ಜೀವಕ್ಕೆ ಅಪಾಯವಂತೆ. ಅದು ಸುಳ್ಳಲ್ಲ ಬಿಡು. ಅವನ ಕಡೆಯಿಂದ ತಕರಾರು ಇಲ್ಲ ಎಂದು ಬರೆದುಕೊಟ್ಟರೆ ಮಾತ್ರ ಜಾಮೀನು ಸುಲಭ ಎಂದು ವಕೀಲರು ಹೇಳುತ್ತಾರೆ. ಅವನ ದಯೆ ನನಗೆ ಬೇಡ.

ನನಗೆ ಬೇಕಾದದ್ದು ನಿನ್ನ ಮಾತು. ಇನ್ನೂ ಯಾಕೆ ಹೇಳಿಕೆ ಕೊಟ್ಟಿಲ್ಲ? ಜನ ಏನೆನ್ನುತ್ತಾರೋ ಎಂದೇ? ಮರ್ಯಾದೆಯ ಭಯವೇ? ಒದೆ ತಿಂದವಳು ನೀನು, ನಾಚಿಕೆ ಪಡಬೇಕಾದವನು ಅವನು. ಇಷ್ಟು ಸಣ್ಣ ವಿಷಯವನ್ನು ನಿನಗೆ ಬರೆದು ತಿಳಿಸಬೇಕಾಯಿತಲ್ಲ ಎಂದು ಕೋಪ ಬರುತ್ತದೆ.

ಆ ಮನೆಗೆ ನಾನು ಏನು ಕಡಿಮೆ ಮಾಡಿದ್ದೆ? ಹೋದ ವರ್ಷ ಬಕ್ರೀದ್ ಆದ ಮೇಲೆ "ಭಾಯ್, ಹಿಂದಿನ ರೂಮಲ್ಲಿ ಪೇಂಟು, ಥಿನ್ನರ್ ಸ್ಟಾಕ್ ಇಡ್ತೀನಿ, ಕಳ್ರ ಕಾಟ ಐತೆ, ಒಂದು ಗಟ್ಟಿ ಚಿಲಕ ಫಿಟ್ ಮಾಡ್ಕೊಡು" ಎಂದು ಕರೆದ. ಅಂಗಡಿಯಿಂದ ದೊಡ್ಡ ಕಬ್ಬಿಣದ ಚಿಲಕ ತಂದುಕೊಟ್ಟ. ಗ್ಯಾರೇಜಿನ ಕೆಲಸ ಬಿಟ್ಟು ಬಂದು ಬಾಗಿಲಿಗೆ ಆರಪಾರ ತೂತು ಕೊರೆದೆ. ಬೋಲ್ಟಿನ ಬೋಳು ತಲೆ ಒಳಗೆ, ನಟ್ಟು ಹೊರಗೆ. ನೇಗಿಲಿಗೆ ಮಾಡುವ ಹಾಗೆ ಬಿಗಿದು, ತುದಿಯನ್ನು ಸುತ್ತಿಗೆಯಿಂದ ಬಡಿದು ಅರಳಿಸಿಬಿಟ್ಟೆ. ಇನ್ನು ಯಾರ ಅಪ್ಪನಿಗೂ ಬಿಚ್ಚಲಾಗದು. ನೀನು ಚಹಾ ಕೊಟ್ಟೆ. ಅವನು ನನ್ನ ಬೆನ್ನು ತಟ್ಟಿದ. ಆ ಕೈಯನ್ನೇ ನಾನು ಮುರಿದದ್ದು ಎಂಬುದು ಒಂದು ಸಮಾಧಾನ.

ಅಕ್ಷರ ಕೆಟ್ಟದಾಗಿದೆ ಎಂದು ಬೈಯಬೇಡ. ಇಲ್ಲಿ ಕೊಡುವ ಪೆನ್ನು ಸರಿಯಿಲ್ಲ.

ತನ್ವೀರ್


ಮೊಳಕಾಲ್ಮೂರು
3 ಮಾರ್ಚ್ 2025

ಗೌರವಾನ್ವಿತ ಭಾಯಿಯವರಿಗೆ,

ಸಲಾಂ. ನಾನು ಹೋದ ವಾರ ನನ್ನ ಮನೆಗೆ ವಾಪಸು ಬಂದಿದ್ದೇನೆ. ಯಾರ ಬಲವಂತವೂ ಇಲ್ಲ. ಇವರು ನನ್ನನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ರಂಜಾನ್ ಶುರುವಾಗಿದೆ, ಎಲ್ಲರೂ ಉಪವಾಸ ಇದ್ದೇವೆ. ನನಗೆ ಮೊದಲಿನಿಂದಲೂ ಫಿಟ್ಸ್ ಇರುವುದು ನಿಜ. ಡಿಸೆಂಬರಿನಲ್ಲಿ ನಾನು ಫಿಟ್ಸ್ ಬಂದು ಮೆಟ್ಟಿಲಿನಿಂದ ಬಿದ್ದೆ. ಪೊಲೀಸರ ಮುಂದೆಯೂ ಹಾಗೆಯೇ ಹೇಳಿದ್ದೇನೆ. ನೀವು ತಪ್ಪು ತಿಳಿದು ಇವರ ಮೇಲೆ ಕೈ ಮಾಡಿದಿರಿ. ಆದರೂ ಇವರು ದೊಡ್ಡ ಮನಸ್ಸು ಮಾಡಿ ನಿಮ್ಮನ್ನು ಕ್ಷಮಿಸಲು ಯೋಚಿಸುತ್ತಿದ್ದಾರೆ.

ಇಂತಿ,
ಶಾಯಿಸ್ತಾ


ಜೈಲಿನಿಂದ
10 ಮಾರ್ಚ್ 2025

ಜಾಕಿರನ ಹೆಂಡತಿಗೆ,

ನಿನ್ನ ಪತ್ರ ಬಂತು. ಮೊದಲು ನಗು ಬಂತು, ಆಮೇಲೆ ಗೋಡೆಗೆ ತಲೆ ಚಚ್ಚಿಕೊಂಡೆ. ಪಕ್ಕದವನು ನನಗೂ ಫಿಟ್ಸ್ ಬಂತೆಂದು ಕೈಗೆ ಕಬ್ಬಿಣದ ಚಮಚ ಕೊಡಲು ಬಂದ.

ನೀನು ಹುಟ್ಟಿದ ದಿನದಿಂದ ನಿನ್ನನ್ನು ಹೆಗಲ ಮೇಲೆ ಹೊತ್ತವನು ನಾನು. ನಿನಗೆ ಯಾವತ್ತು ಫಿಟ್ಸ್ ಬಂದಿತ್ತು? ಅಮ್ಮಿ ತೀರಿಕೊಂಡ ದಿನವೂ ನೀನು ನೆಟ್ಟಗೆ ನಿಂತು ಬಂದವರಿಗೆಲ್ಲ ನೀರು ಕೊಟ್ಟವಳು. ನಿನಗೋಸ್ಕರ ನಾನಿಲ್ಲಿ ತಿಗಣೆಗಳ ನಡುವೆ ಬಿದ್ದಿದ್ದರೆ ನೀನು ಅವನಿಗೆ ಇಫ್ತಾರಿನ ಗಂಜಿ ಕಾಯಿಸುತ್ತಿದ್ದೀಯ. ಒದೆಯೇ ರುಚಿಯೆನಿಸಿದರೆ ತಿನ್ನು, ಹೊಟ್ಟೆ ತುಂಬ ತಿನ್ನು.

ನನಗೆ ತಂಗಿ ಇಲ್ಲ. ಇದ್ದವಳು ಫಿಟ್ಸ್ ಬಂದು ಸತ್ತಳು ಎಂದುಕೊಳ್ಳುತ್ತೇನೆ. ಇನ್ನು ಮುಂದೆ ಪತ್ರ ಬೇಡ.

ತನ್ವೀರ್


ಮೊಳಕಾಲ್ಮೂರು
ಸೂರಮ್ಮನವರ ಮನೆಯ ವಿಳಾಸ
21 ಮಾರ್ಚ್ 2025

ಭಾಯಿ,

ಬೇಡವೆಂದರೂ ಬರೆಯುತ್ತಿದ್ದೇನೆ. ಬೈಯುವುದಾದರೆ ಮೇಲಿನ ವಿಳಾಸಕ್ಕೆ ಬೈದು ಬರೆ. ಹಿಂದಿನ ಪತ್ರವನ್ನು ಅವನು ಹೇಳಿ ಬರೆಸಿದ್ದು. "ನೀವು, ನಿಮ್ಮನ್ನು" ಎಂದು ನಿನಗೆ ನಾನು ಯಾವತ್ತು ಬರೆದಿದ್ದೆ? ನೀನು ಅಷ್ಟರಲ್ಲೇ ಹಿಡಿದುಬಿಡುತ್ತೀಯ ಎಂದು ನಂಬಿದ್ದೆ. ನಿನ್ನ ಉತ್ತರವನ್ನು ಅವನು ಇಫ್ತಾರಿನ ಹೊತ್ತಿಗೆ ತಾಯಿಯ ಎದುರಿಗೆ ಜೋರಾಗಿ ಓದಿದ. "ನೋಡೇ, ನಿನ್ ಭಾಯಿನೇ ಕೈ ತೊಳ್ಕಂಡ. ಇನ್ ಯಾವನ್ ಬರ್ತಾನೆ ನಿಂಗೆ?" ಎಂದು ನಕ್ಕ. ನನಗೆ ಪೈಪಿನ ಏಟಿಗಿಂತ ಅದು ಜೋರಾಗಿ ಬಿತ್ತು.

ಕೇಳು. ನಿನ್ನ ಜಾಮೀನು ವಜಾ ಆದ ವಾರ ನಾನೇ ಅವನಿಗೆ ಹೇಳಿ ಕಳಿಸಿದೆ. ನಾನು ಫಿಟ್ಸ್ ಎಂದು ಹೇಳಿ ವಾಪಸು ಬರುತ್ತೇನೆ, ನೀನು ತಕರಾರು ಇಲ್ಲ ಎಂದು ಬರೆದುಕೊಡು ಎಂದು. ಅಬ್ಬಾಗೆ ಇದು ಗೊತ್ತಿಲ್ಲ. ಗಂಡನ ನೆನಪಾಗಿದೆ ಎಂದೆ, ಅವರು ತಲೆ ತಗ್ಗಿಸಿದರು. ಈದ್ ಆದ ಮೇಲೆ, ಏಪ್ರಿಲ್ ಮೊದಲಲ್ಲಿ ಸಹಿ ಹಾಕುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ನಾನು ಬಾಯಿ ಮುಚ್ಚಿಕೊಂಡಿರಬೇಕು.

ನಿನ್ನ ಅಕ್ಷರ ನೋಡಿದರೆ ಬೇರೆ ಯಾರೋ ಬರೆದ ಹಾಗಿದೆ. ಅದು ಪೆನ್ನಿನ ತಪ್ಪಲ್ಲ. ನಿನಗೇನಾಗಿದೆಯೋ ಗೊತ್ತಿಲ್ಲ. ನೀನು ಹೆಚ್ಚು ದಿನ ಅಲ್ಲಿದ್ದರೆ ಉಳಿಯುವುದಿಲ್ಲ ಎಂದು ನನಗೆ ಅನಿಸಿತು, ಅದಕ್ಕೇ ಬಂದೆ.

ಇನ್ನೊಂದು ವಿಷಯ. ಬರೆಯಬಾರದು ಎಂದುಕೊಂಡಿದ್ದೆ. ಆದರೆ ನೀನು ಅಷ್ಟು ಹೆಮ್ಮೆಯಿಂದ ಆ ಚಿಲಕದ ಕಥೆ ಬರೆದ ಮೇಲೆ ಎದೆಯಲ್ಲಿಟ್ಟುಕೊಳ್ಳಲು ಆಗುತ್ತಿಲ್ಲ.

ಆ ಕೋಣೆಗೆ ಕಳ್ಳರು ಬರುವುದಿಲ್ಲ ಭಾಯಿ. ನೀನು ಸಾಮಾನು ಕಟ್ಟಿಕೊಂಡು ಬಸ್ಸು ಹತ್ತಿದ ಸಂಜೆಯೇ ಅವನು ನನ್ನ ಜಡೆ ಹಿಡಿದು ಎಳೆದುಕೊಂಡು ಹೋದ. "ನಿನ್ ಅಣ್ಣ ಫಿಟ್ ಮಾಡಿದ್ದು ಗಟ್ಟಿ ಐತಾ ನೋಡಾನ ಬಾ" ಎಂದು ಒಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ. ನಾನು ಬಾಗಿಲಿಗೆ ಹೆಗಲು ಕೊಟ್ಟೆ, ಪೇಂಟಿನ ಡಬ್ಬದಿಂದ ಗುದ್ದಿದೆ, ಬೋಲ್ಟಿನ ತಲೆ ಹಿಡಿದು ತಿರುಗಿಸಲು ಹೋಗಿ ಉಗುರು ಕಿತ್ತುಕೊಂಡೆ. ಹಿಡಿಯಲು ಅಲ್ಲಿ ಏನೂ ಇಲ್ಲ, ನುಣ್ಣಗಿದೆ. ಆವತ್ತಿನಿಂದ ಅವನು ಅಂಗಡಿಗೆ ಹೋಗುವಾಗಲೆಲ್ಲ ನಾನು ಒಳಗೆ. ಡಿಸೆಂಬರಿನಲ್ಲಿ ನಾನು ಚಳ್ಳಕೆರೆಗೆ ಹೋಗುತ್ತೇನೆ ಎಂದದ್ದಕ್ಕೆ ಅಲ್ಲೇ ಪೈಪು ಹಿಡಿದು ಬಂದ. ಹೊಡೆದು ಕೈ ಸೋತ ಮೇಲೆ ತಲೆಯ ಮೇಲೆ ಥಿನ್ನರ್ ಸುರಿದು, ಬೆಂಕಿಕಡ್ಡಿ ಗೀರಿ ಮುಖದ ಹತ್ತಿರ ಹಿಡಿದು ತೋರಿಸಿದ. ಕಡ್ಡಿ ಉರಿದು ಅವನ ಬೆರಳಿಗೆ ತಾಗಿದಾಗ ಬಿಸಾಡಿ ತುಳಿದ. ಅತ್ತೆ ಹೊರಗೆ ಜಪದ ತಸ್ಬಿ ಮಣಿ ಎಣಿಸುತ್ತಾ ಕೂತಿದ್ದರು.

ಈಗಲೂ ಆ ಕೋಣೆಯಿಂದಲೇ ಬರೆಯುತ್ತಿದ್ದೇನೆ. ಮೇಲೊಂದು ಗಾಳಿಕಿಂಡಿ ಇದೆ, ಅದು ಸೂರಮ್ಮನ ಹಿತ್ತಲಿಗೆ ತೆರೆಯುತ್ತದೆ. ಡಬ್ಬಗಳ ಮೇಲೆ ಹತ್ತಿದರೆ ಕೈ ಹೋಗುತ್ತದೆ. ಕಾಗದ, ಪೆನ್ನು ಅವರೇ ಕೊಡುವುದು. ಸಂಜೆಗೆ ನಾಲ್ಕು ಖರ್ಜೂರ ಸೆರಗಿನಲ್ಲಿ ಕಟ್ಟಿ ತಂದು "ತಗಾ ಅಮ್ಮಾಯಿ, ಒಂದಿನ ನಾನೇ ಬಂದು ಆ ಬಾಗ್ಲು ಒಡೀತೀನಿ" ಎನ್ನುತ್ತಾರೆ. ನಿನ್ನ ಜಾಮೀನು ಆಗುವವರೆಗೆ ಬೇಡ ಎಂದು ನಾನೇ ಆಣೆ ಹಾಕಿಸಿದ್ದೇನೆ.

ನಿನ್ನ ತಪ್ಪಿಲ್ಲ. ನಿನಗೆ ಗೊತ್ತಿರಲಿಲ್ಲ.

ಶಾಯಿಸ್ತಾ


ಜೈಲಿನಿಂದ
27 ಮಾರ್ಚ್ 2025

ಶಾಯಿಸ್ತಾ, ನನ್ನ ಕಂದ,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಏನು ಬರೆಯಲಿ? ಕ್ಷಮಿಸು ಎಂದು ಬರೆದರೆ ಆ ಮಾತು ತೀರಾ ಚಿಕ್ಕದಾಗುತ್ತದೆ. ಆ ಚಿಲಕ ಹಾಕುವಾಗ ನಾನು ಹಾಡು ಗುನುಗುತ್ತಿದ್ದೆ. ನಿನಗೆ ನೆನಪಿರಬೇಕು.

ಆ ಒಪ್ಪಂದ ಮುರಿದುಬಿಡು. ಸೂರಮ್ಮನಿಗೆ ಹೇಳಿ ಇವತ್ತೇ ಬಾಗಿಲು ಒಡೆಸು. ನಾನು ಹತ್ತು ವರ್ಷ ಇಲ್ಲೇ ಇರುತ್ತೇನೆ. ಪೆನ್ನು ಸರಿಯಿಲ್ಲ ಎಂದು ಬರೆದದ್ದು ಸುಳ್ಳು. ನೀನು ಸರಿಯಾಗಿಯೇ ಊಹಿಸಿದ್ದೆ. ಫೆಬ್ರವರಿಯಲ್ಲಿ ಹಳೇ ಕೈದಿಯೊಬ್ಬನಿಗೆ ನಾನು ಎದುರುತ್ತರ ಕೊಟ್ಟೆ. ಅವನು ಮತ್ತು ಅವನ ಜೊತೆಗಾರರು ನನ್ನ ಬಲಗೈಯನ್ನು ಕಬ್ಬಿಣದ ಗೇಟಿನ ಸಂದಿಗಿಟ್ಟು ಗೇಟು ಹಾಕಿದರು. ಮೂರು ಬೆರಳು ಹೋದ ಹಾಗೆಯೇ. ಇದು ಎಡಗೈ ಬರಹ. ಇನ್ನು ಮೇಲೆ ನಾನು ಯಾವ ಗಾಡಿಯನ್ನೂ ಫಿಟ್ ಮಾಡಲಾರೆ. ಇರ್ಫಾನಾಗೂ ಹೇಳಿಲ್ಲ, ನೀನೂ ಹೇಳಬೇಡ.

ರಾತ್ರಿಯೆಲ್ಲ ಆ ಬಾಗಿಲನ್ನು ಮನಸ್ಸಿನಲ್ಲೇ ಬಿಚ್ಚುತ್ತಿದ್ದೇನೆ. ಒಳಗಿನಿಂದ ದಾರಿಯೇ ಇಲ್ಲ. ನಾನು ಇಟ್ಟಿಲ್ಲ. ನಮ್ಮ ಕಸುಬಿನಲ್ಲಿ ಕಳ್ಳನಿಗೆ ಬಿಚ್ಚಲು ಬಾರದ ಹಾಗೆ ಮಾಡುವುದೇ ದೊಡ್ಡಸ್ತಿಕೆ. ಹೊರಗೆ ನಿಂತವರಿಗೆ ಮಾತ್ರ ಅದು ಸಲೀಸು. ಗ್ರೀಸು ತುಂಬಿದ್ದೇನೆ, ಒಂದು ಬೆರಳಲ್ಲಿ ಸರಿಯುತ್ತದೆ. ಅದನ್ನು ನೆನೆಸಿಕೊಂಡರೆ ನನ್ನ ಉಳಿದ ಬೆರಳುಗಳನ್ನೂ ಗೇಟಿಗೆ ಕೊಡೋಣ ಅನಿಸುತ್ತದೆ.

ನಾನು ಹೊರಗೆ ಬಂದ ದಿನ ಮನೆಗೆ ಹೋಗುವುದಿಲ್ಲ. ಮೊದಲು ಗ್ಯಾರೇಜು, ಅಲ್ಲಿಂದ ನೇರ ಬಸ್ಸು. ಯಾವ ಊರಿನ ಬಸ್ಸು ಎಂದು ಬರೆದರೆ ಈ ಪತ್ರ ನಿನಗೆ ಮುಟ್ಟುವುದಿಲ್ಲ. ಎಡಗೈಯಲ್ಲೂ ಸ್ಪ್ಯಾನರು ಹಿಡಿಯಬಹುದು. ಈ ಸಲ ಯಾರೂ ನನ್ನನ್ನು ಹಿಡಿದುಕೊಳ್ಳಲು ಬಿಡುವುದಿಲ್ಲ.

ಭಾಯಿ


ಚಳ್ಳಕೆರೆ
5 ಏಪ್ರಿಲ್ 2025

ನನ್ನ ಭಾಯಿಗೆ,

ಸಲಾಂ. ತಡವಾದ ಈದ್ ಮುಬಾರಕ್. ಇದು ನಿನ್ನ ಕೈ ಸೇರುವುದರೊಳಗೆ ನೀನು ಹೊರಗೆ ಬಂದುಬಿಡಬಾರದು ಎಂದು ಬೇಡಿಕೊಳ್ಳುತ್ತಾ ಬರೆಯುತ್ತಿದ್ದೇನೆ. ಜಾಮೀನುದಾರರ ಕಾಗದಕ್ಕೆ ಇನ್ನೂ ಕೆಲವು ದಿನ ಬೇಕು ಎಂದು ವಕೀಲರು ಹೇಳಿದ್ದಾರೆ, ಅಷ್ಟು ಸಾಕು.

ನಾನು ಮೊದಲ ಸಲ ತಡಮಾಡದೆ ಒಂದು ಕೆಲಸ ಮಾಡಿದ್ದು ನಿನ್ನ ಆ ಬಸ್ಸಿನ ಸಾಲು ಓದಿ. ನೀನು ಬಂದು ಅವನನ್ನು ಕೊಂದರೆ ನಾನು ಅಷ್ಟು ದಿನ ಆ ಕೋಣೆಯಲ್ಲಿದ್ದದ್ದು ಯಾಕೆ? ನೀನು ಬರುವ ಮೊದಲೇ ಮುಗಿಸಬೇಕು ಎಂದು ತೀರ್ಮಾನ ಮಾಡಿದೆ.

ಒಂದನೇ ತಾರೀಕು ಅವನು ಸಹಿ ಹಾಕಿದ. ಮರುದಿನ ಜಾಮೀನಿನ ಆರ್ಡರ್ ಆಯಿತು ಎಂದು ಚಂದ್ರಶೇಖರ್ ಅವರು ಸೂರಮ್ಮನ ಫೋನಿಗೆ ಹೇಳಿದರು. ಸೂರಮ್ಮ ಗಾಳಿಕಿಂಡಿಯಲ್ಲಿ "ಆತು ಅಮ್ಮಾಯಿ, ಆತು" ಎಂದರು. ಗುರುವಾರ ಮಧ್ಯಾಹ್ನ ಅವನು ಊಟಕ್ಕೆ ಬಂದು ನನ್ನನ್ನು ಹೊರಗೆ ಬಿಟ್ಟ. ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ನೆಲದ ಮೇಲೆ ಖರ್ಜೂರದ ಬೀಜಗಳು ಬಿದ್ದಿದ್ದವು. ನಾನು ಗುಡಿಸುವುದನ್ನು ಮರೆತಿದ್ದೆ. ಅವನ ಮುಖ ಬಿಳಿಚಿಕೊಂಡಿತು. "ಯಾವನೇ ಅವ್ನು, ನಿಂಗೆ ತಿನ್ಸೋನು?" ಎಂದು ಕೆನ್ನೆಗೆ ಬಿಟ್ಟ. ಬಾಯಿಗೆ ರಕ್ತ ಬಂತು. ಆಮೇಲೆ ಕಿಂಡಿಯ ಕಡೆ ನೋಡಿದ. ಒಳಗೆ ಹೋಗಿ, ಆ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಡಬ್ಬಗಳ ಮೇಲೆ ಹತ್ತಿದ, ಸೂರಮ್ಮನ ಹಿತ್ತಲಿಗೆ ಬಗ್ಗಿ ನೋಡಲು. ನಾನು ಬಾಗಿಲ ಹೊರಗಿದ್ದೆ.

ನೀನು ಬರೆದದ್ದು ನಿಜ. ಒಂದು ಬೆರಳು ಸಾಕಾಯಿತು.

ಅತ್ತೆ ಪಡಸಾಲೆಯಿಂದ ಎದ್ದು ಬಂದರು. ನಾನು ಮೂಲೆಯಲ್ಲಿದ್ದ ಪೈಪನ್ನು ಕೈಗೆತ್ತಿಕೊಂಡೆ. ಅದೇ ಪೈಪು. ಮುದುಕಿ ಎಂದು ನೋಡುತ್ತಿರಲಿಲ್ಲ, ಚಿಲಕ ಮುಟ್ಟಿದ್ದರೆ ಖಂಡಿತ ಹೊಡೆಯುತ್ತಿದ್ದೆ. ಒಳಗೆ ಅವನು "ಅಮ್ಮಿ, ತೆಗಿ" ಎಂದು ಕಿರುಚುತ್ತಿದ್ದ. ಹಲೀಮಾ ಬೀ ಬಾಗಿಲು ನೋಡಿದರು, ನನ್ನ ಬಾಯಿಯ ರಕ್ತ ನೋಡಿದರು. ನಾಲಿಗೆಯಿಂದ ತಮ್ಮ ಹಲ್ಲಿಲ್ಲದ ಜಾಗವನ್ನು ಸವರಿಕೊಂಡರು. ಗೂಟದಿಂದ ನನ್ನ ಬುರ್ಖಾ ತೆಗೆದು ಕೊಟ್ಟು, "ಬಿಸ್ಲೈತೆ, ತಲೆ ಮ್ಯಾಲೆ ಹಾಕ್ಕಂಡು ಹೋಗು" ಎಂದು ಹೇಳಿ ತಸ್ಬಿ ಹಿಡಿದು ಕೂತರು.

ನಾನು ನೇರವಾಗಿ ಸ್ಟೇಷನ್ನಿಗೆ ನಡೆದೆ. ಸೂರಮ್ಮ ಚಪ್ಪಲಿಯೂ ಇಲ್ಲದೆ ಹಿಂದೆಯೇ ಓಡಿ ಬಂದರು. ಹೇಳಿಕೆಗೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲೊಬ್ಬರು ಲೇಡಿ ಡಾಕ್ಟರು. ನನ್ನ ಬೆನ್ನು ನೋಡಿದರು, ಉಗುರು ನೋಡಿದರು, ತಾರೀಕು ಕೇಳಿದರು, ಫಿಟ್ಸ್ ಇದೆಯಾ ಎಂದು ಕೇಳಿದರು. ನಗು ಬಂತು. "ಇಲ್ಲಾ ಮೇಡಂ, ಆ ಮನೇಲಿ ಯಾರಿಗೂ ಇರ್ಲಿಲ್ಲ" ಅಂದೆ. ಅವರು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಏನೆಂದು ಕೇಳಿದೆ. ನೀವು ಹೇಳಿಕೆ ಕೊಡಲು ಫಿಟ್ ಇದ್ದೀರಿ ಎಂದು ಬರೆದಿದ್ದೇನೆ ಅಂದರು. ಅಬ್ಬಾ ಅಲ್ಲಿದ್ದು ಆ ಮಾತು ಕೇಳಬೇಕಿತ್ತು ಎನಿಸಿತು. ಆಮೇಲೆ ಕತ್ತಲಾಗುವವರೆಗೂ ಹೇಳಿದೆ. ಪೈಪು, ಥಿನ್ನರ್, ಕಡ್ಡಿ, ಫಿಟ್ಸ್ ಎಂದು ಸುಳ್ಳು ಹೇಳಿದ್ದು ಯಾಕೆ ಎಂಬುದು, ಎಲ್ಲ. ಬರೆದುಕೊಳ್ಳುವ ಪೊಲೀಸಮ್ಮ ನಡುವೆ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಪೊಲೀಸರೇ ಹೋಗಿ ಚಿಲಕ ತೆಗೆದು ಅವನನ್ನು ಹಿಡಿದು ತಂದರು, ಈಗ ಕಸ್ಟಡಿಯಲ್ಲಿದ್ದಾನೆ. ನಿನ್ನ ಕೇಸು ಹಾಗೇ ಇದೆ, ಅದನ್ನು ಕೋರ್ಟಿನಲ್ಲಿ ನೋಡಿಕೊಳ್ಳೋಣ. ನಿನ್ನ ಕೈಯ ವಿಷಯ ಇರ್ಫಾನಾಗೆ ಹೇಳಿದ್ದೇನೆ, ಬೈದುಕೋ. ಗ್ಯಾರೇಜಿನ ಬೀಗ ನಿನ್ನೆ ತೆಗೆದೆವು. ಸ್ಪ್ಯಾನರುಗಳನ್ನೆಲ್ಲ ಅಬ್ಬಾ ಲೆಕ್ಕ ಮಾಡಿ ಪೆಟ್ಟಿಗೆಗೆ ಹಾಕಿದ್ದಾರೆ. ಕೀಲಿ ನನ್ನ ಹತ್ತಿರ ಇದೆ, ನಿನಗೆ ಕೊಡುವುದಿಲ್ಲ. ಮನೆಗೆ ಬಾ.

ಪೊಲೀಸರಿಗೆ ಹೇಳದ ಒಂದು ಮಾತು ಉಳಿದಿದೆ. ಚಿಲಕ ಹಾಕಿದ ಕೂಡಲೇ ನಾನು ಓಡಲಿಲ್ಲ. ಪೈಪು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅವನು ಒದ್ದ. ಡಬ್ಬ ಎತ್ತಿ ಗುದ್ದಿದ. ನನ್ನನ್ನು ಕೊಲ್ಲುತ್ತೇನೆ ಎಂದ, ನಿನ್ನನ್ನು ಕೊಲ್ಲುತ್ತೇನೆ ಎಂದ, ಕೊನೆಗೆ ನನ್ನ ಹೆಸರು ಹಿಡಿದು ಅತ್ತ. ಬೋಲ್ಟಿನ ತಲೆಯನ್ನು ಉಗುರಿನಿಂದ ಕೆರೆಯುವ ಸದ್ದೂ ಕೇಳಿಸಿತು. ಬಾಗಿಲು ಅದುರಿತು, ಚೌಕಟ್ಟಿನ ಸುಣ್ಣ ಉದುರಿತು. ಚಿಲಕ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ ಭಾಯಿ. ತುಂಬಾ ಚೆನ್ನಾಗಿ ಫಿಟ್ ಮಾಡಿದ್ದೀಯ.

ನಿನ್ನ
ಶಾಯಿಸ್ತಾ